ಕಡತಕ್ಕೂ ಬೇಕು ಅರಗಿನ ಮುದ್ರೆ: ಹೊಸ ಸಾಕ್ಷ್ಯ ಕಾನೂನು ಮತ್ತು ಹ್ಯಾಶ್ ಮೌಲ್ಯ

ಬೆಂಗಳೂರು: 2024ರ ಜುಲೈ 1ರಂದು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಾಗ ದೇಶದ ನ್ಯಾಯಾಲಯಗಳ ಕಾಗದಪತ್ರಗಳಲ್ಲಿ ಹೊಸದೊಂದು ಅಂಕಣ ಸೇರಿಕೊಂಡಿತು. ಮೊಬೈಲ್‌ನಲ್ಲಿ ಚಿತ್ರೀಕರಿಸಿದ ದೃಶ್ಯ, ಸಿಸಿಟಿವಿ ತುಣುಕು, ಧ್ವನಿಮುದ್ರಿಕೆ, ಇ-ಮೇಲ್, ವಾಟ್ಸ್‌ಆ್ಯಪ್ ಸಂಭಾಷಣೆ ಇವುಗಳ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವವರು ಅದರೊಂದಿಗೆ ಒಂದು ಪ್ರಮಾಣಪತ್ರವನ್ನು ಸಲ್ಲಿಸಬೇಕು. ಆ ಪ್ರಮಾಣಪತ್ರದಲ್ಲಿ ಕಡತದ ‘ಹ್ಯಾಶ್ ಮೌಲ್ಯ’ವನ್ನು ನಮೂದಿಸಬೇಕು. ಅದನ್ನು ಯಾವ ಗಣಿತ ವಿಧಾನದಿಂದ ಪಡೆಯಲಾಯಿತು ಎಂಬುದನ್ನೂ ಬರೆಯಬೇಕು. ಹ್ಯಾಶ್ ವರದಿಯನ್ನು ಲಗತ್ತಿಸಬೇಕು.

ಕಾನೂನಿನ ಉದ್ದೇಶ ಸ್ಪಷ್ಟವಾಗಿದೆ. ಕಂಪ್ಯೂಟರ್ ಕಡತವನ್ನು ಗುರುತು ಸಿಗದಂತೆ ತಿದ್ದುವುದು ಸುಲಭ. ತಿದ್ದಿಲ್ಲ ಎಂದು ತೋರಿಸಲು ಹ್ಯಾಶ್ ಮೌಲ್ಯಕ್ಕಿಂತ ಅಗ್ಗದ, ನೇರವಾದ ಉಪಾಯ ಇಲ್ಲ. ಆದರೆ ಕಡತವನ್ನು ಸಲ್ಲಿಸುವ ಘಟ್ಟದಲ್ಲಿ ಹ್ಯಾಶ್ ಕೇಳುವ ಕಾನೂನು, ಅದನ್ನು ವಶಪಡಿಸಿಕೊಳ್ಳುವ ಘಟ್ಟದಲ್ಲಿ ಹ್ಯಾಶ್ ಬರೆದಿಡಬೇಕೆಂದು ಹೇಳುವುದಿಲ್ಲ. ಈ ಎರಡು ಘಟ್ಟಗಳ ನಡುವೆ ತಿಂಗಳುಗಳೇ ಕಳೆಯಬಹುದು, ಕೆಲವೊಮ್ಮೆ ವರ್ಷಗಳೂ ಉರುಳಬಹುದು. ಆರೋಪಿಯ ಸ್ವಾತಂತ್ರ್ಯವಾಗಲಿ, ದೂರುದಾರರ ನ್ಯಾಯವಾಗಲಿ ನಿಂತಿರುವುದು ಈ ನಡುವಿನ ಅವಧಿಯ ಮೇಲೆ.

ಹ್ಯಾಶ್ ಎಂದರೇನು?

ಪೊಲೀಸರು ವಶಪಡಿಸಿಕೊಂಡ ವಸ್ತುವನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗಿನ ಮುದ್ರೆ ಒತ್ತಿ, ಪಂಚರ ಸಹಿ ಪಡೆಯುವ ಪದ್ಧತಿ ಹಳೆಯದು. ಮುದ್ರೆ ಒಡೆದಿದ್ದರೆ ನಡುವೆ ಯಾರೋ ಕೈಯಾಡಿಸಿದ್ದಾರೆ ಎಂದು ನ್ಯಾಯಾಧೀಶರು ತಿಳಿಯಬಹುದು. ಹ್ಯಾಶ್ ಮೌಲ್ಯವೂ ಇಂಥದೇ ಕೆಲಸ ಮಾಡುತ್ತದೆ. ಕಡತದೊಳಗಿನ ಪ್ರತಿಯೊಂದು ಬಿಟ್ಟನ್ನೂ ಗಣಿತದ ಸೂತ್ರವೊಂದರ ಮೂಲಕ ಹಾಯಿಸಿ, ಕೊನೆಗೆ ನಿಗದಿತ ಉದ್ದದ ಒಂದು ಸಾಲನ್ನು ಪಡೆಯಲಾಗುತ್ತದೆ. ಈ ಸಾಲಿನಲ್ಲಿ 0ಯಿಂದ 9ರವರೆಗಿನ ಅಂಕಿಗಳು ಹಾಗೂ ಎ-ಯಿಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳು ಮಾತ್ರ ಇರುತ್ತವೆ. ಕಡತ ಒಂದು ಸಾಲಿನದಾಗಿರಲಿ, ಮೂರು ಗಂಟೆಯ ಚಲನಚಿತ್ರವಾಗಿರಲಿ, ಉತ್ತರದ ಉದ್ದ ಬದಲಾಗದು. ಕಡತದಲ್ಲಿ ಒಂದು ಅಲ್ಪವಿರಾಮ ಹೆಚ್ಚಾದರೂ ಉತ್ತರ ಗುರುತು ಸಿಗದಷ್ಟು ಬದಲಾಗುತ್ತದೆ. ಉತ್ತರದಿಂದ ಮೂಲ ಕಡತವನ್ನು ಮರಳಿ ಪಡೆಯಲು ಬರುವುದಿಲ್ಲ.

ಭಾರತದ ಕಾನೂನಿಗೆ ಈ ಪದ ಹೊಸದೇನಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 3ನೇ ಕಲಂ ಹ್ಯಾಶ್ ಕ್ರಿಯೆಯನ್ನು ವ್ಯಾಖ್ಯಾನಿಸಿದೆ. ಒಂದೇ ದಾಖಲೆಗೆ ಪ್ರತಿ ಸಲವೂ ಒಂದೇ ಫಲಿತಾಂಶ ಬರಬೇಕು, ಫಲಿತಾಂಶದಿಂದ ಮೂಲ ದಾಖಲೆಯನ್ನು ಮರುರೂಪಿಸಲು ಸಾಧ್ಯವಾಗಬಾರದು, ಎರಡು ಭಿನ್ನ ದಾಖಲೆಗಳು ಒಂದೇ ಫಲಿತಾಂಶ ಕೊಡುವುದು ಗಣನೆಯ ದೃಷ್ಟಿಯಿಂದ ಅಸಾಧ್ಯವಾಗಿರಬೇಕು ಎಂಬುದು ಆ ವ್ಯಾಖ್ಯೆಯ ಸಾರ. ಆದರೆ ಅಲ್ಲಿ ಅದು ಡಿಜಿಟಲ್ ಸಹಿಗೆ ಸಂಬಂಧಿಸಿದ ವಿಷಯವಾಗಿತ್ತು. ಸಾಕ್ಷ್ಯದ ಪ್ರಮಾಣಪತ್ರದ ನಮೂನೆಯೊಳಗೆ ಅದು ಪ್ರವೇಶಿಸಲು ಮತ್ತೆ 24 ವರ್ಷ ಬೇಕಾಯಿತು.

ಒಂದು ಸಾಲಿನ ಆದೇಶ

ಹ್ಯಾಶ್ ಪಡೆಯಲು ದುಬಾರಿ ತಂತ್ರಾಂಶ ಬೇಕೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಠಾಣೆಯಲ್ಲಿರುವ ಅಥವಾ ವಕೀಲರ ಕಚೇರಿಯಲ್ಲಿರುವ ಸಾಮಾನ್ಯ ಕಂಪ್ಯೂಟರಿನಲ್ಲಿ ಅದರ ಸೌಲಭ್ಯ ಮೊದಲಿನಿಂದಲೇ ಅಡಕವಾಗಿರುತ್ತದೆ. ವಿಂಡೋಸ್‌ನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು, ‘ಸರ್ಟ್‌ಯುಟಿಲ್’ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಟೈಪಿಸಿ, ಅದರ ಮುಂದೆ ಅಡ್ಡಗೆರೆಯೊಂದಿಗೆ ‘ಹ್ಯಾಶ್‌ಫೈಲ್’ ಎಂಬ ಪದ, ಕಡತದ ಹೆಸರು, ಕೊನೆಯಲ್ಲಿ ‘ಎಸ್‌ಎಚ್‌ಎ256’ ಎಂದು ಬರೆದು ಎಂಟರ್ ಒತ್ತಿದರೆ ಉತ್ತರ ಬರುತ್ತದೆ. ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’ ಎಂಬ ಆದೇಶವಿದೆ. ಲಿನಕ್ಸ್‌ನಲ್ಲಿ ‘ಎಸ್‌ಎಚ್‌ಎ256ಸಮ್’, ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ‘ಎಸ್‌ಎಚ್‌ಎಸಮ್’ ಎಂಬ ಆದೇಶಗಳು ಇದೇ ಕೆಲಸಕ್ಕೆ ಇವೆ.

ಇಲ್ಲಿ ಎಚ್ಚರಿಕೆ ವಹಿಸಬೇಕಾದ ಅಂಶವೊಂದಿದೆ. ವಿಧಾನದ ಹೆಸರನ್ನು ಬರೆಯದೆ ‘ಸರ್ಟ್‌ಯುಟಿಲ್’ ಆದೇಶ ಕೊಟ್ಟರೆ ಅದು ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನದ ಉತ್ತರವನ್ನು ಕೊಡುತ್ತದೆ. ಮ್ಯಾಕ್‌ನ ಆದೇಶದ ಸ್ವಭಾವವೂ ಹೀಗೆಯೇ. ಪವರ್‌ಶೆಲ್‌ನ ಆದೇಶ ಮಾತ್ರ ಬೇರೇನೂ ಹೇಳದಿದ್ದರೆ ಎಸ್‌ಎಚ್‌ಎ-256ರ ಉತ್ತರ ಕೊಡುತ್ತದೆ. ಹೀಗಾಗಿ ಒಂದೇ ಕಡತಕ್ಕೆ ಇಬ್ಬರು ಅಧಿಕಾರಿಗಳು ಎರಡು ಕಂಪ್ಯೂಟರಿನಲ್ಲಿ ಹ್ಯಾಶ್ ತೆಗೆದು, ಎರಡು ಬೇರೆ ಉತ್ತರ ಪಡೆದು, ಕಡತವೇ ಬದಲಾಗಿದೆ ಎಂದು ಗಾಬರಿಗೊಳ್ಳುವ ಸಂಭವವಿದೆ. ಯಾವ ವಿಧಾನ ಎಂಬುದನ್ನು ತಿಳಿಯಲು ಎಣಿಕೆಯೇ ಸಾಕು. ಎಂಡಿ5 ವಿಧಾನದ ಉತ್ತರದಲ್ಲಿ 32, ಎಸ್‌ಎಚ್‌ಎ-1ರ ಉತ್ತರದಲ್ಲಿ 40, ಎಸ್‌ಎಚ್‌ಎ-256ರ ಉತ್ತರದಲ್ಲಿ 64 ಅಕ್ಷರಗಳಿರುತ್ತವೆ. ಪ್ರಮಾಣಪತ್ರದಲ್ಲಿ ಎಸ್‌ಎಚ್‌ಎ-256 ಎಂದು ಗುರುತು ಹಾಕಿ 40 ಅಕ್ಷರಗಳನ್ನು ಬರೆದಿದ್ದರೆ ಅದು ತಪ್ಪು ಎಂದು ಕಂಪ್ಯೂಟರ್ ಜ್ಞಾನವಿಲ್ಲದವರೂ ಹೇಳಬಲ್ಲರು.

ಇನ್ನೊಂದು ಸುಳಿವೂ ಇದೆ. ಒಳಗೆ ಏನೂ ಇಲ್ಲದ ಖಾಲಿ ಕಡತಕ್ಕೂ ಹ್ಯಾಶ್ ಇರುತ್ತದೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದು ‘ಇ3ಬಿ0ಸಿ442’ ಎಂದು ಆರಂಭವಾಗುತ್ತದೆ. ಪ್ರಮಾಣಪತ್ರದಲ್ಲಿರುವ ಸಾಲು ಹೀಗೆ ಶುರುವಾಗಿದ್ದರೆ ಪೆನ್‌ಡ್ರೈವ್‌ಗೆ ಪ್ರತಿ ಮಾಡುವಾಗ ದೃಶ್ಯ ಬಂದೇ ಇಲ್ಲ, ಬರೀ ಹೆಸರು ಬಂದಿದೆ ಎಂದರ್ಥ. ತಮ್ಮ ಕಂಪ್ಯೂಟರಿನ ಆದೇಶ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಬಯಸುವವರು ಎ, ಬಿ, ಸಿ ಎಂಬ ಮೂರು ಸಣ್ಣ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬರೆದ ಕಡತಕ್ಕೆ ಹ್ಯಾಶ್ ತೆಗೆದು ನೋಡಬಹುದು. ಉತ್ತರ ‘ಬಿಎ7816ಬಿಎಫ್’ ಎಂದು ಆರಂಭವಾಗಬೇಕು. ಕೊನೆಯಲ್ಲಿ ಅರಿಯದೆ ಎಂಟರ್ ಒತ್ತಿದ್ದರೆ ಕಣ್ಣಿಗೆ ಕಾಣದ ಒಂದು ಗುರುತು ಸೇರಿ ಉತ್ತರ ಬೇರೆಯಾಗುತ್ತದೆ.

ಇದೇ ಕೆಲಸವನ್ನು ಮಾಡಿಕೊಡುವ ಅಂತರಜಾಲ ತಾಣಗಳೂ ಹೇರಳವಾಗಿವೆ. ಕಡತವನ್ನು ಅಲ್ಲಿಗೆ ಏರಿಸಿದರೆ ಉತ್ತರ ತೋರಿಸುತ್ತವೆ. ಆದರೆ ಮಹಿಳೆಯೊಬ್ಬರ ಖಾಸಗಿ ದೃಶ್ಯವಾಗಲಿ, ಬ್ಯಾಂಕ್ ದಾಖಲೆಯಾಗಲಿ ಅಪರಿಚಿತ ತಾಣದ ಪಾಲಾಗುವುದು ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಿಲ್ಲ. ಕಮ್ಯಾಂಡ್ ಪ್ರಾಂಪ್ಟ್‌ನ ಆದೇಶಕ್ಕೆ ಅಂತರಜಾಲ ಸಂಪರ್ಕವೇ ಬೇಡ. ಕಡತ ಕಂಪ್ಯೂಟರ್ ಬಿಟ್ಟು ಹೊರಹೋಗುವುದಿಲ್ಲ. ಸಾಕ್ಷ್ಯದ ವಿಷಯದಲ್ಲಿ ಈ ಮಾರ್ಗವೇ ಸೂಕ್ತ ಎನ್ನಲು ಇದೊಂದು ಕಾರಣವೇ ಸಾಕು.

ಕಾನೂನು ಬಂದ ದಾರಿ

ವಿದ್ಯುನ್ಮಾನ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು ಎಂಬ ನಿಯಮ 2000ದಲ್ಲಿಯೇ ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಮೂಲಕ ಬಂದಿತ್ತು. ಆದರೆ ಅದು ಕಡ್ಡಾಯವೇ ಎಂಬ ಪ್ರಶ್ನೆಗೆ ಉತ್ತರ ಹಲವು ಬಾರಿ ಬದಲಾಯಿತು. ಸಂಸತ್ ಭವನದ ಮೇಲಿನ ದಾಳಿ ಪ್ರಕರಣದ 2005ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಮಾಣಪತ್ರವಿಲ್ಲದಿದ್ದರೂ ಬೇರೆ ವಿಧದಲ್ಲಿ ದೂರವಾಣಿ ದಾಖಲೆಗಳನ್ನು ರುಜುವಾತುಪಡಿಸಬಹುದು ಎಂದಿತ್ತು. 2014ರ ಸೆಪ್ಟೆಂಬರ್ 18ರಂದು ಅನ್ವರ್ ಪಿ.ವಿ. ಪ್ರಕರಣದಲ್ಲಿ ಅದೇ ನ್ಯಾಯಾಲಯ ಆ ನಿಲುವನ್ನು ತಳ್ಳಿಹಾಕಿತು. ಕೇರಳದ ಚುನಾವಣಾ ತಕರಾರು ಅರ್ಜಿಯೊಂದರಲ್ಲಿ ಸಲ್ಲಿಸಲಾಗಿದ್ದ ಸಿ.ಡಿ.ಗಳು ಪ್ರಮಾಣಪತ್ರವಿಲ್ಲದ ಕಾರಣಕ್ಕೆ ಸಾಕ್ಷ್ಯವಾಗಲಿಲ್ಲ. 2018ರಲ್ಲಿ ಬಂದ ಇನ್ನೊಂದು ತೀರ್ಪು ಈ ಬಿಗಿಯನ್ನು ಸಡಿಲಿಸಿತು. ಅಂತಿಮವಾಗಿ 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ತ್ರಿಸದಸ್ಯ ಪೀಠವು, ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರಮಾಣಪತ್ರ ಕಡ್ಡಾಯ ಎಂದು ನಿರ್ಣಯಿಸಿತು.

ಇಷ್ಟೆಲ್ಲ ಚರ್ಚೆಯ ಹೊರತಾಗಿಯೂ ಹಳೆಯ ಪ್ರಮಾಣಪತ್ರದಲ್ಲಿ ಹ್ಯಾಶ್‌ನ ಪ್ರಸ್ತಾಪ ಇರಲಿಲ್ಲ. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು, ದಾಖಲೆ ಅದರಿಂದಲೇ ಬಂದಿದೆ ಎಂಬ ಹೇಳಿಕೆಗಳಷ್ಟೇ ಇದ್ದವು. ಹೊಸ ಅಧಿನಿಯಮದ 63ನೇ ಕಲಂ ಮತ್ತು ಅದರ ಅನುಸೂಚಿ ಈ ಕೊರತೆಯನ್ನು ತುಂಬಿವೆ. ಪ್ರಮಾಣಪತ್ರವೀಗ ಎರಡು ಭಾಗಗಳಲ್ಲಿದೆ. ಮೊದಲನೆಯದನ್ನು ದಾಖಲೆ ಹಾಜರುಪಡಿಸುವ ಪಕ್ಷಗಾರರು, ಎರಡನೆಯದನ್ನು ತಜ್ಞರು ತುಂಬಬೇಕು. ಸಾಧನದ ತಯಾರಕರು, ಮಾದರಿ, ಬಣ್ಣ, ಕ್ರಮಸಂಖ್ಯೆ, ಐಎಂಇಐ ಮುಂತಾದ ಗುರುತು ಸಂಖ್ಯೆಗಳ ಜೊತೆಗೆ ಹ್ಯಾಶ್ ಮೌಲ್ಯವನ್ನು ಇಬ್ಬರೂ ನಮೂದಿಸಬೇಕು. ಹೇಳಿಕೆಯ ಜೊತೆಗೆ ಎದುರು ಪಕ್ಷದವರು ತಾವೇ ಪರೀಕ್ಷಿಸಬಹುದಾದ ಅಂಕಿಯೊಂದು ದೊರೆಯುತ್ತಿರುವುದು ನಿಜಕ್ಕೂ ದೊಡ್ಡ ಬದಲಾವಣೆ.

ನೆರೆರಾಜ್ಯದ ಪಾಠ

ಹ್ಯಾಶ್ ಮೌಲ್ಯದ ಮಹತ್ವವನ್ನು ಕೇರಳದ ಪ್ರಕರಣವೊಂದು ಇಡೀ ದೇಶಕ್ಕೆ ತೋರಿಸಿಕೊಟ್ಟಿತು. 2017ರ ಫೆಬ್ರುವರಿಯಲ್ಲಿ ನಟಿಯೊಬ್ಬರನ್ನು ಅಪಹರಿಸಿ, ಚಲಿಸುವ ಕಾರಿನಲ್ಲಿ ಲೈಂಗಿಕ ದೌರ್ಜನ್ಯ ಎಸಗಿ, ಅದನ್ನು ಚಿತ್ರೀಕರಿಸಲಾಗಿತ್ತು. ಆ ದೃಶ್ಯಗಳಿದ್ದ ಮೆಮೊರಿ ಕಾರ್ಡ್ ನ್ಯಾಯಾಲಯದ ವಶದಲ್ಲಿತ್ತು. ಅದರ ಪ್ರತಿ ತಮಗೆ ಬೇಕು ಎಂದು ಆರೋಪಿಯಾಗಿದ್ದ ನಟ ದಿಲೀಪ್ ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದರು. ಕಾರ್ಡ್‌ನಲ್ಲಿರುವ ವಿಷಯ ‘ದಾಖಲೆ’ಯೇ ಹೌದು, ಆದರೆ ಸಂತ್ರಸ್ತೆಯ ಖಾಸಗಿತನದ ಕಾರಣ ಪ್ರತಿ ಕೊಡುವಂತಿಲ್ಲ, ಪರಿಶೀಲನೆಗೆ ಅವಕಾಶ ನೀಡಬಹುದು ಎಂದು 2019ರ ನವೆಂಬರ್‌ನಲ್ಲಿ ತೀರ್ಪು ಬಂದಿತು.

ಇಷ್ಟರಲ್ಲಿ ಕಾರ್ಡ್‌ನ ಹ್ಯಾಶ್ ಮೌಲ್ಯ ಮೊದಲಿನಂತಿಲ್ಲ ಎಂಬುದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡುಬಂದಿತ್ತು. 2022ರ ಜುಲೈನಲ್ಲಿ ಕೇರಳ ಹೈಕೋರ್ಟ್ ಮತ್ತೊಮ್ಮೆ ಪರೀಕ್ಷೆಗೆ ಅನುಮತಿ ನೀಡಿತು. 2018ರ ಜನವರಿ 9, 2018ರ ಡಿಸೆಂಬರ್ 13 ಹಾಗೂ 2021ರ ಜುಲೈ 19 ಹೀಗೆ ಮೂರು ದಿನಾಂಕಗಳಂದು ಕಾರ್ಡನ್ನು ತೆರೆಯಲಾಗಿತ್ತು ಎಂದು ವರದಿ ತಿಳಿಸಿತು. ಮೂರೂ ಸಂದರ್ಭಗಳಲ್ಲಿ ಅದು ಇದ್ದದ್ದು ನ್ಯಾಯಾಲಯಗಳ ವಶದಲ್ಲಿ. ಸಂತ್ರಸ್ತೆಯೇ ಹೈಕೋರ್ಟ್ ಮೊರೆಹೋದ ಬಳಿಕ, 2023ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಈ ಬಗ್ಗೆ ವಿಚಾರಣೆಗೆ ಆದೇಶಿಸಿತು. ಇಂಥ ಸೂಕ್ಷ್ಮ ಸಾಮಗ್ರಿಯನ್ನು ಪೊಲೀಸರು, ಪ್ರಯೋಗಾಲಯಗಳು, ನ್ಯಾಯಾಲಯಗಳು ಹೇಗೆ ಕಾಪಾಡಬೇಕು ಎಂಬ ಮಾರ್ಗಸೂಚಿಯನ್ನೂ ನೀಡಿತು. ಮೂಲ ಪ್ರಕರಣದಲ್ಲಿ 2025ರ ಡಿಸೆಂಬರ್‌ನಲ್ಲಿ ವಿಚಾರಣಾ ನ್ಯಾಯಾಲಯವು ಆರು ಮಂದಿಯನ್ನು ದೋಷಿಗಳೆಂದು ಸಾರಿ, ದಿಲೀಪ್ ಅವರನ್ನು ಖುಲಾಸೆಗೊಳಿಸಿತು.

ಈ ಪ್ರಕರಣದ ತಾಂತ್ರಿಕ ವಿವರವೊಂದು ವಿಶೇಷ ಗಮನಕ್ಕೆ ಅರ್ಹವಾಗಿದೆ. ಬದಲಾಗಿದ್ದುದು ಇಡೀ ಕಾರ್ಡ್‌ನ ಹ್ಯಾಶ್. ಒಳಗಿದ್ದ ದೃಶ್ಯ ಕಡತಗಳ ಹ್ಯಾಶ್ ಬದಲಾಗಿರಲಿಲ್ಲ. ಮೆಮೊರಿ ಕಾರ್ಡನ್ನು ಮೊಬೈಲ್‌ಗೆ ಹಾಕಿದ ಮಾತ್ರಕ್ಕೆ ಆ ಮೊಬೈಲ್ ತನ್ನದೇ ಕೆಲವು ಚಿಕ್ಕ ಕಡತಗಳನ್ನು ಅದರ ಮೇಲೆ ಬರೆಯುತ್ತದೆ. ಕಾರ್ಡ್ ಒಟ್ಟಾರೆಯಾಗಿ ಬದಲಾಗುತ್ತದೆ, ದೃಶ್ಯ ಹಾಗೆಯೇ ಉಳಿಯುತ್ತದೆ. ದೃಶ್ಯವನ್ನು ತಿದ್ದಿಲ್ಲ ಎಂಬುದನ್ನು ಕಡತದ ಹ್ಯಾಶ್ ತೋರಿಸಿದರೆ, ನೋಡಬಾರದವರು ನೋಡಿರಬಹುದು ಎಂಬುದನ್ನು ಕಾರ್ಡ್‌ನ ಹ್ಯಾಶ್ ತೋರಿಸಿತು. ಎರಡನ್ನೂ ಬೇರೆಬೇರೆಯಾಗಿ ದಾಖಲಿಸಿದ್ದರಿಂದಲೇ ಎರಡು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತು. ಒಂದನ್ನೇ ಬರೆದಿಟ್ಟಿದ್ದರೆ ಸಂತ್ರಸ್ತೆಯ ದೂರಿಗೆ ಆಧಾರವೇ ಇರುತ್ತಿರಲಿಲ್ಲ, ಇಲ್ಲವೇ ಸಾಕ್ಷ್ಯವೇ ಕೆಟ್ಟಿತು ಎಂಬ ವಾದಕ್ಕೆ ಎಡೆಯಾಗುತ್ತಿತ್ತು.

ಮಹಜರಿನಲ್ಲಿ ಏಕಿಲ್ಲ?

ಕೇರಳದಲ್ಲಿ ಬದಲಾವಣೆ ಪತ್ತೆಯಾದದ್ದು ಹೋಲಿಸಿ ನೋಡಲು ಮೊದಲಿನ ಮೌಲ್ಯವೊಂದು ದಾಖಲೆಯಲ್ಲಿ ಇದ್ದುದರಿಂದ. ಜಪ್ತಿಯಾದ ಎಷ್ಟೋ ತಿಂಗಳ ಬಳಿಕ ಮೊದಲ ಬಾರಿಗೆ ಹ್ಯಾಶ್ ತೆಗೆದರೆ ಅಲ್ಲಿಂದ ಮುಂದಿನ ಅವಧಿಗಷ್ಟೇ ಅದು ಕಾವಲು. ಅದಕ್ಕೂ ಹಿಂದೆ ನಡೆದಿರಬಹುದಾದ ಬದಲಾವಣೆಯನ್ನು ಅದು ಸಹಜ ಸ್ಥಿತಿ ಎಂದೇ ದಾಖಲಿಸಿಬಿಡುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ, ಶೋಧನೆ ಹಾಗೂ ಜಪ್ತಿಯನ್ನು ದೃಶ್ಯ-ಶ್ರಾವ್ಯವಾಗಿ ಚಿತ್ರೀಕರಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ಹೇಳುತ್ತದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕೆಂದು 176ನೇ ಕಲಂ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಕಾಲಾವಕಾಶವನ್ನೂ ಕೊಡಲಾಗಿದೆ. ಎರಡೂ ಸ್ವಾಗತಾರ್ಹ ಕ್ರಮಗಳೇ. ಆದರೆ ಜಪ್ತಿ ಮಾಡಿದ ಪೆನ್‌ಡ್ರೈವ್‌ನ ಹ್ಯಾಶ್ ಅನ್ನು ಮಹಜರಿನಲ್ಲಿ ಬರೆದು, ಪಂಚರ ಸಹಿ ಪಡೆದು, ಅದರ ಒಂದು ಪ್ರತಿಯನ್ನು ವಸ್ತುವಿನ ಒಡೆಯರಿಗೆ ಕೊಡಬೇಕು ಎಂಬ ಮಾತು ಈ ಕಲಮುಗಳಲ್ಲಿ ಇಲ್ಲ.

ಕರ್ನಾಟಕ ಹೈಕೋರ್ಟ್ ಈ ದಿಕ್ಕಿನಲ್ಲಿ ಸಾಕಷ್ಟು ಮೊದಲೇ ಹೆಜ್ಜೆ ಇಟ್ಟಿತ್ತು ಎಂಬುದು ಗಮನಾರ್ಹ. ವೀರೇಂದ್ರ ಖನ್ನಾ ಪ್ರಕರಣದಲ್ಲಿ 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ನೀಡಿದ ತೀರ್ಪು, ವಿದ್ಯುನ್ಮಾನ ಸಾಧನಗಳ ಶೋಧನೆಯ ವೇಳೆ ಅರ್ಹ ವಿಧಿವಿಜ್ಞಾನ ಪರೀಕ್ಷಕರು ತಂಡದೊಂದಿಗಿರಬೇಕು, ಮೊಬೈಲ್ ಫೋನನ್ನು ಹೊರಗಿನ ಸಂಕೇತಗಳು ತಲುಪದಂತೆ ಫ್ಯಾರಡೆ ಚೀಲದಲ್ಲಿ ಇಡಬೇಕು ಎಂಬಂಥ ಕನಿಷ್ಠ ಸೂಚನೆಗಳನ್ನು ಕೊಟ್ಟಿತು. ದೆಹಲಿಯಲ್ಲಿ, ಪತ್ರಕರ್ತರ ಸಾಧನಗಳ ಜಪ್ತಿಯನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್ 7ರಂದು ಮಾರ್ಗಸೂಚಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅಲ್ಲಿಯವರೆಗೆ ಸಿಬಿಐ ಕೈಪಿಡಿಯನ್ನು ಅನುಸರಿಸುವುದಾಗಿ ಕೇಂದ್ರ ಅದೇ ಡಿಸೆಂಬರ್‌ನಲ್ಲಿ ತಿಳಿಸಿತು. ಕೈಪಿಡಿ ಹಾಗೂ ತೀರ್ಪುಗಳ ಮೇಲೆ ನಿಂತಿರುವ ಈ ಶಿಸ್ತು ಪ್ರತಿ ಠಾಣೆಯ ಮಹಜರಿನ ನಮೂನೆಯೊಳಗೆ ಇಳಿಯಬೇಕಾಗಿದೆ.

ಪ್ರಾಯೋಗಿಕ ತೊಂದರೆಗಳು ಇಲ್ಲವೆಂದಲ್ಲ. ಪೆನ್‌ಡ್ರೈವ್ ಅನ್ನು ನೇರವಾಗಿ ಕಂಪ್ಯೂಟರಿಗೆ ಚುಚ್ಚಿದರೆ ಆ ಕ್ಷಣವೇ ಅದರ ಮೇಲೆ ಏನಾದರೂ ಬರೆಯಲ್ಪಡಬಹುದು. ಬರವಣಿಗೆಯನ್ನು ತಡೆಯುವ ‘ರೈಟ್ ಬ್ಲಾಕರ್’ ಉಪಕರಣ ನಡುವೆ ಇರಬೇಕು. ಒಂದು ಟೆರಾಬೈಟ್‌ನ ಹಾರ್ಡ್‌ಡಿಸ್ಕ್ ಅನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಿದರೂ ಹ್ಯಾಶ್ ಮುಗಿಯಲು ಸುಮಾರು ಎರಡು ಗಂಟೆ ಹಿಡಿಯುತ್ತದೆ. ಚಾಲನೆಯಲ್ಲಿರುವ ಮೊಬೈಲ್ ಫೋನ್ ಪ್ರತಿಕ್ಷಣವೂ ತನ್ನೊಳಗೆ ಏನನ್ನಾದರೂ ಬರೆದುಕೊಳ್ಳುತ್ತಲೇ ಇರುವುದರಿಂದ ಇಡೀ ಫೋನಿಗೆ ಸ್ಥಿರವಾದ ಹ್ಯಾಶ್ ಇರುವುದಿಲ್ಲ. ಅದರಿಂದ ಹೊರತೆಗೆದ ಪ್ರತಿಗೆ ಹ್ಯಾಶ್ ತೆಗೆಯಬೇಕಾಗುತ್ತದೆ. ಹೊಸ ಬಗೆಯ ಎಸ್‌ಎಸ್‌ಡಿ ಡಿಸ್ಕ್‌ಗಳು ವಿದ್ಯುತ್ ಸಿಕ್ಕೊಡನೆ ಅಳಿಸಿದ ಕಡತಗಳ ಜಾಗವನ್ನು ತಾವಾಗಿಯೇ ಶುಚಿಗೊಳಿಸಿಕೊಳ್ಳುವುದರಿಂದ, ಯಾರೂ ಮುಟ್ಟದೆಯೂ ಅವುಗಳ ಒಟ್ಟು ಹ್ಯಾಶ್ ಬದಲಾಗಬಹುದು. ಆದ್ದರಿಂದ ಹ್ಯಾಶ್ ಹೊಂದದ ಮಾತ್ರಕ್ಕೆ ಕೈವಾಡ ನಡೆದಿದೆ ಎನ್ನುವಂತಿಲ್ಲ. ಏಕೆ ಹೊಂದುತ್ತಿಲ್ಲ ಎಂದು ವಿವರಿಸುವ ಹೊಣೆ ಮಾತ್ರ ಸಾಧನವನ್ನು ವಶದಲ್ಲಿಟ್ಟುಕೊಂಡವರದೇ. ಸಿಸಿಟಿವಿ ತುಣುಕು, ಧ್ವನಿಮುದ್ರಿಕೆ, ಫೋಟೊಗಳಂಥ ಬಿಡಿ ಕಡತಗಳಿಗೆ ಈ ಯಾವ ತೊಡಕೂ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ.

ಸವಕಲು ವಿಧಾನಗಳು

ಅನುಸೂಚಿಯ ನಮೂನೆಯಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಎಂಬ ಮೂರು ವಿಧಾನಗಳನ್ನು ಹೆಸರಿಸಿ, ಕಾನೂನುಸಮ್ಮತವಾದ ಇತರ ವಿಧಾನಕ್ಕೂ ಜಾಗ ಬಿಡಲಾಗಿದೆ. ಇವುಗಳಲ್ಲಿ ಎರಡು ವಿಧಾನಗಳು ತಜ್ಞರ ವಿಶ್ವಾಸವನ್ನು ಎಂದೋ ಕಳೆದುಕೊಂಡಿವೆ. ಎಂಡಿ5ರಲ್ಲಿ ಎರಡು ಭಿನ್ನ ಕಡತಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದು ಎಂಬುದನ್ನು 2004ರಲ್ಲಿ ಚೀನಾದ ಗಣಿತಜ್ಞೆ ವಾಂಗ್ ಶಿಯಾವ್ಯುನ್ ಮತ್ತು ಸಂಗಡಿಗರು ತೋರಿಸಿದರು. 2012ರಲ್ಲಿ ಬೆಳಕಿಗೆ ಬಂದ ‘ಫ್ಲೇಮ್’ ಎಂಬ ಕುತಂತ್ರಾಂಶ ಇದೇ ದೌರ್ಬಲ್ಯವನ್ನು ಬಳಸಿ ಮೈಕ್ರೋಸಾಫ್ಟ್‌ನ ಸಹಿಯನ್ನೇ ನಕಲು ಮಾಡಿತ್ತು. 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಂನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಎಸ್‌ಎಚ್‌ಎ-1ರ ಹ್ಯಾಶ್ ಒಂದೇ ಆಗಿರುವ ಎರಡು ಬೇರೆಬೇರೆ ಪಿಡಿಎಫ್ ಕಡತಗಳನ್ನು ಪ್ರಕಟಿಸಿದರು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2030ರ ಡಿಸೆಂಬರ್ 31ರ ಹೊತ್ತಿಗೆ ಎಸ್‌ಎಚ್‌ಎ-1 ಬಳಕೆಯನ್ನು ಪೂರ್ತಿ ಕೈಬಿಡುವುದಾಗಿ 2022ರ ಡಿಸೆಂಬರ್‌ನಲ್ಲಿ ಘೋಷಿಸಿದೆ.

ಹಾಗೆಂದು ಎಂಡಿ5 ಬಳಸಿದ ಹಳೆಯ ಪ್ರಕರಣಗಳೆಲ್ಲ ಬಿದ್ದುಹೋಗಬೇಕು ಎಂದರ್ಥವಲ್ಲ. ಈಗಾಗಲೇ ಇರುವ ಕಡತಕ್ಕೆ ಸರಿಹೊಂದುವ ಇನ್ನೊಂದು ಕಡತವನ್ನು ಹೊಸದಾಗಿ ಸೃಷ್ಟಿಸುವುದು ಎಂಡಿ5ರಲ್ಲಿಯೂ ಇಂದಿಗೂ ಕಾರ್ಯಸಾಧ್ಯವಾಗಿಲ್ಲ. ಎರಡೂ ಕಡತಗಳನ್ನು ಮೊದಲೇ ಜೋಡಿಯಾಗಿ ಸಿದ್ಧಪಡಿಸಿಟ್ಟುಕೊಂಡವರು ಮಾತ್ರ ಈ ಮೋಸ ಎಸಗಬಲ್ಲರು. ಕರಾರುಪತ್ರ, ಲೆಕ್ಕಪತ್ರಗಳಂಥ ದಾಖಲೆಗಳಲ್ಲಿ ದಾಖಲೆ ಸೃಷ್ಟಿಸಿದವರೇ ಕಕ್ಷಿದಾರರಾಗಿರುವುದರಿಂದ ಅಪಾಯ ಅಲ್ಲಿದೆ. ಎಸ್‌ಎಚ್‌ಎ-256 ಆರಿಸಿಕೊಳ್ಳಲು ಒಂದು ಪೈಸೆಯೂ ಹೆಚ್ಚು ಖರ್ಚಾಗದಿರುವಾಗ, ಪಾಟೀಸವಾಲಿನಲ್ಲಿ ವಕೀಲರ ಕೈಗೆ ಆಯುಧ ಕೊಡುವ ವಿಧಾನಗಳನ್ನು ನಮೂನೆಯಲ್ಲಿ ಉಳಿಸಿಕೊಂಡಿರುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಹ್ಯಾಶ್ ಹೇಳದ ಸಂಗತಿ

ಹ್ಯಾಶ್ ಮೌಲ್ಯ ಸರಿಹೊಂದಿತು ಎಂದರೆ ಕಡತ ಬದಲಾಗಿಲ್ಲ ಎಂದಷ್ಟೇ ಅರ್ಥ. ಅದರಲ್ಲಿರುವುದು ನಿಜ ಎಂದಲ್ಲ. ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ನಕಲಿ ಧ್ವನಿಗೂ ಒಂದು ಹ್ಯಾಶ್ ಇರುತ್ತದೆ, ಅದೂ ಪ್ರತಿಬಾರಿ ಸರಿಯಾಗಿಯೇ ಹೊಂದುತ್ತದೆ. ಜಪ್ತಿಗೂ ಮುನ್ನ ಸಾಧನದೊಳಗೆ ಏನು ನಡೆದಿತ್ತು ಎಂಬುದನ್ನು ಕೂಡ ಅದು ಹೇಳಲಾರದು. ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪ್‌ಗೆ ಜಪ್ತಿಗೂ ಮುನ್ನ ದೂರದಿಂದಲೇ ಕುತಂತ್ರಾಂಶದ ಮೂಲಕ ಪತ್ರಗಳನ್ನು ಸೇರಿಸಲಾಗಿತ್ತು ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2021ರ ಫೆಬ್ರುವರಿಯಲ್ಲಿ ವರದಿ ಮಾಡಿತು. ರಾಷ್ಟ್ರೀಯ ತನಿಖಾ ಸಂಸ್ಥೆ ಇದನ್ನು ಒಪ್ಪಲಿಲ್ಲ. ಅದರ ಸತ್ಯಾಸತ್ಯತೆ ನ್ಯಾಯಾಲಯ ನಿರ್ಣಯಿಸಬೇಕಾದ ವಿಷಯ. ಇಂಥ ಪ್ರಶ್ನೆಗೆ ಹ್ಯಾಶ್ ಹೋಲಿಕೆಯಲ್ಲಿ ಉತ್ತರವಿಲ್ಲ, ಸಾಧನದ ಒಳಗಿನ ವಿವರವಾದ ವಿಧಿವಿಜ್ಞಾನ ಪರೀಕ್ಷೆಯೇ ಬೇಕು ಎಂಬುದನ್ನಂತೂ ಆ ವಿವಾದ ಮನದಟ್ಟು ಮಾಡಿಕೊಟ್ಟಿತು.

ಕನ್ನಡದ ಕಡತಗಳಿಗೆ ಸಂಬಂಧಿಸಿದ ವಿಶೇಷ ತೊಡಕೂ ಒಂದಿದೆ. ನುಡಿ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಸಿದ್ಧಪಡಿಸಿದ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ ಓದುವವರಿಗೆ ಒಂದಕ್ಷರವೂ ಬದಲಾದಂತೆ ಕಾಣದು. ಹ್ಯಾಶ್ ಮಾತ್ರ ಪೂರ್ತಿ ಬೇರೆಯಾಗಿರುತ್ತದೆ. ಯೂನಿಕೋಡ್‌ನೊಳಗೂ ‘ಕೋ’ ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿ ಅಥವಾ ಬಿಡಿ ಸಂಕೇತಗಳ ಜೋಡಣೆಯಾಗಿ ಬರೆಯಲು ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ, ಹ್ಯಾಶ್‌ಗೆ ಅಲ್ಲ. ಹಾಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದ ಚಿತ್ರ ಸಂಕುಚಿತಗೊಳ್ಳುವುದರಿಂದ ಅದರ ಹ್ಯಾಶ್ ಮೂಲದೊಂದಿಗೆ ಹೊಂದುವುದಿಲ್ಲ. ಸಾಕ್ಷ್ಯವಾಗಬಹುದಾದ ಕಡತವನ್ನು ಪರಿವರ್ತಿಸದೆ, ತಿದ್ದಿ ಉಳಿಸದೆ, ಮೊದಲು ಹೇಗಿತ್ತೋ ಹಾಗೆಯೇ ಎತ್ತಿಡುವುದು ಅಗತ್ಯ. ಕಡತದ ಹೆಸರನ್ನಷ್ಟೇ ಬದಲಿಸಿದರೆ ಹ್ಯಾಶ್ ಬದಲಾಗುವುದಿಲ್ಲ.

ಸಾಮಾನ್ಯರ ಪಾಲಿಗೆ

ತನಿಖಾ ಸಂಸ್ಥೆಗಳಿಗೆ ಪ್ರಯೋಗಾಲಯಗಳ ಬೆಂಬಲವಿದೆ. ಜಮೀನು ವ್ಯಾಜ್ಯದಲ್ಲಿ ಧ್ವನಿಮುದ್ರಿಕೆಯೊಂದನ್ನು ಹಾಜರುಪಡಿಸಲು ಬಯಸುವ ರೈತನಿಗೆ, ಅಂಗಡಿಯ ಕಳವಿನ ಸಿಸಿಟಿವಿ ತುಣುಕು ಕೊಡುವ ವರ್ತಕನಿಗೆ, ಅಶ್ಲೀಲ ಸಂದೇಶಗಳಿಂದ ನೊಂದ ಮಹಿಳೆಗೆ ತಜ್ಞರ ಸಹಿ ಎಲ್ಲಿ ಸಿಗಬೇಕು? 63ನೇ ಕಲಂ ‘ತಜ್ಞ’ ಎಂದಷ್ಟೇ ಹೇಳುತ್ತದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯ 79ಎ ಕಲಮಿನ ಅಡಿ ಕೇಂದ್ರ ಸರ್ಕಾರ ಅಧಿಸೂಚಿಸುವ ವಿದ್ಯುನ್ಮಾನ ಸಾಕ್ಷ್ಯ ಪರೀಕ್ಷಕರಷ್ಟೇ ಈ ತಜ್ಞರೋ, ಅಥವಾ ವಿಷಯದಲ್ಲಿ ವಿಶೇಷ ಪರಿಣತಿಯುಳ್ಳ ಯಾರಾದರೂ ಆಗಬಹುದೋ ಎಂಬುದನ್ನು ಕಲಂ ಬಿಡಿಸಿ ಹೇಳಿಲ್ಲ. ಮೊದಲನೆಯ ಅರ್ಥವನ್ನೇ ಹಿಡಿದರೆ ತಾಲ್ಲೂಕು ನ್ಯಾಯಾಲಯದ ಸಣ್ಣ ದಾವೆಯೂ ದೊಡ್ಡ ಊರಿನ ಪ್ರಯೋಗಾಲಯದ ಸರದಿಯಲ್ಲಿ ಕಾಯಬೇಕಾಗುತ್ತದೆ. ಎರಡನೆಯ ಅರ್ಥ ಹಿಡಿದರೆ ಯಾರ ಸಹಿಗೆ ಎಷ್ಟು ಬೆಲೆ ಎಂಬ ತಕರಾರು ಪ್ರತಿ ಪ್ರಕರಣದಲ್ಲಿಯೂ ಏಳುತ್ತದೆ.

ಪ್ರಮಾಣಪತ್ರದ ಮೊದಲ ಭಾಗವನ್ನು ತುಂಬುವುದಕ್ಕಾದರೂ ಜನರಿಗೆ ನೆರವು ದೊರೆಯುವಂತಾಗಬೇಕು. ದೂರು ಸ್ವೀಕರಿಸುವ ವೇಳೆಯೇ ಪೆನ್‌ಡ್ರೈವ್‌ನಲ್ಲಿರುವ ಕಡತದ ಎಸ್‌ಎಚ್‌ಎ-256 ಮೌಲ್ಯವನ್ನು ತೆಗೆದು, ದೂರುದಾರರಿಗೆ ಕೊಡುವ ಸ್ವೀಕೃತಿಯ ಮೇಲೆ ದಿನಾಂಕ, ಸಮಯದೊಂದಿಗೆ ಬರೆದುಕೊಡುವ ಪದ್ಧತಿ ಜಾರಿಗೆ ಬಂದರೆ ಅರ್ಧ ತಕರಾರು ಅಲ್ಲಿಯೇ ಮುಗಿಯುತ್ತದೆ. ಜಿಲ್ಲೆಗಳ ಸಿಇಎನ್ ಠಾಣೆಗಳಿಗೆ ಇದು ಹೊರೆಯಾಗಲಾರದು. ಉಳಿದ ಠಾಣೆಗಳ ಬರಹಗಾರರಿಗೂ ಒಂದು ದಿನದ ತರಬೇತಿಯಲ್ಲಿ ಕಲಿಸಬಹುದಾದ ವಿದ್ಯೆ ಇದು. ಮಹಜರಿನ ಮುದ್ರಿತ ನಮೂನೆಯಲ್ಲಿ ಹ್ಯಾಶ್‌ಗೆಂದು ಎರಡು ಸಾಲು ಜಾಗ ಬಿಡಲು ಸಂಸತ್ತಿನ ತಿದ್ದುಪಡಿಯೂ ಬೇಕಿಲ್ಲ; ರಾಜ್ಯ ಪೊಲೀಸ್ ಮುಖ್ಯಸ್ಥರ ಒಂದು ಸುತ್ತೋಲೆ ಸಾಕಾಗುತ್ತದೆ.

ಅಲ್ಲಿಯವರೆಗೆ ನಾಗರಿಕರು ತಮ್ಮ ಎಚ್ಚರಿಕೆಯಲ್ಲಿ ತಾವಿರುವುದು ಲೇಸು. ಕಡತವನ್ನು ಪೊಲೀಸರಿಗೋ ವಕೀಲರಿಗೋ ಒಪ್ಪಿಸುವ ಮುನ್ನ ಮೂಲವನ್ನು ತಿದ್ದದೆ ಒಂದು ಪ್ರತಿ ಇಟ್ಟುಕೊಳ್ಳಬೇಕು. ಎಸ್‌ಎಚ್‌ಎ-256 ಎಂದು ಸ್ಪಷ್ಟವಾಗಿ ಹೆಸರಿಸಿ ಹ್ಯಾಶ್ ತೆಗೆದು, 64 ಅಕ್ಷರಗಳನ್ನು ಎಣಿಸಿ ನೋಡಿ, ಕೊಡುವ ಪತ್ರದಲ್ಲಿಯೇ ಅದನ್ನು ಬರೆದು, ಸ್ವೀಕರಿಸಿದವರ ಸಹಿ ಪಡೆದುಕೊಳ್ಳಬೇಕು. ಮುಂದೆಂದಾದರೂ ಕಡತ ಬದಲಾಗಿದೆ ಎಂಬ ವಾದ ಎದ್ದರೆ ಆ ಒಂದು ಹಾಳೆಯೇ ಅವರ ಪರವಾಗಿ ಮಾತನಾಡುತ್ತದೆ.